ಕಾಲೇಜಿಗೆ ಸೇರಿದ್ದು ಸರಿ, ಆ 'ಟು' ಎಲ್ಲಿಂದ ಬಂತು?

ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದೆರಡು ತಿಂಗಳು ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಸೈಬರ್ ಸೆಂಟರ್‌ಗಳಲ್ಲಿ ಕುರ್ಚಿ ಸಿಗುವುದು ಕಷ್ಟ. ಮಾರ್ಕ್ಸ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಗ್ರಾಮೀಣ ವ್ಯಾಸಂಗದ ಪತ್ರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡ ಮಕ್ಕಳು, ಜೊತೆಗೆ ಅಪ್ಪನೋ ಮಾವನೋ. ಹೆಸರು, ವಿಳಾಸ, ಅಂಕ ತುಂಬುವ ತನಕ ತೊಂದರೆ ಇಲ್ಲ. ಖಾಸಗಿ ಟ್ರಸ್ಟಿನ ಸ್ಕಾಲರ್‌ಶಿಪ್ಪೋ ದೂರದ ಕಾಲೇಜೋ ಆದರೆ ಕೊನೆಗೊಂದು ಖಾಲಿ ಚೌಕ ಇರುತ್ತದೆ. ಯಾವ ಕೋರ್ಸು ಸೇರಿದ್ದೀರಿ, ಯಾಕೆ ಸೇರಿದ್ದೀರಿ, ಇಂಗ್ಲಿಷಿನಲ್ಲಿ ಬರೆಯಿರಿ ಅಂತ. ಅಲ್ಲಿ ಕೈ ನಿಲ್ಲುತ್ತದೆ.

ನಿಂತ ಕೈ ಕೊನೆಗೆ ಬರೆಯುವ ಮೊದಲ ವಾಕ್ಯ ಬಹಳಷ್ಟು ಅರ್ಜಿಗಳಲ್ಲಿ ಒಂದೇ: 'ಐ ಜಾಯಿನ್ಡ್ ಟು ಬಿಕಾಂ ಕೋರ್ಸ್.'

ಆ 'ಟು' ಅಲ್ಲಿ ಇರಬಾರದು. ಇಂಗ್ಲಿಷಿನಲ್ಲಿ ಜಾಯಿನ್ ಆದ ಮೇಲೆ ನೇರವಾಗಿ ಕಾಲೇಜು, ಕೋರ್ಸು, ಸೈನ್ಯ, ಪಕ್ಷ ಬರುತ್ತದೆ, ನಡುವೆ ಏನೂ ಇಲ್ಲ. ಎರಡಕ್ಷರದ ಪುಟ್ಟ ಪದ, ಅರ್ಥಕ್ಕೆ ಏನೂ ಧಕ್ಕೆ ಇಲ್ಲ. ಆದರೆ ಓದುವವರ ಮನಸ್ಸಿನಲ್ಲಿ ಅದು ಬೇರೆ ಕೆಲಸ ಮಾಡುತ್ತದೆ. 'ಓ, ಕನ್ನಡ ಮೀಡಿಯಂ ಹುಡುಗಿ' ಅಂತ ಒಂದು ಗುರುತು ಹಾಕಿಕೊಂಡು ಮುಂದಿನ ಸಾಲು ಓದುತ್ತಾರೆ. ತೊಂಬತ್ತರ ಮೇಲೆ ಅಂಕ ತೆಗೆದ ಮಕ್ಕಳು ಇಂಟರ್‌ವ್ಯೂ ಕೋಣೆಯಲ್ಲಿ ಬಾಯಿ ಬಿಡದೆ ಕೂರುವುದಕ್ಕೆ ಈ ಗುರುತಿನ ಭಯವೇ ದೊಡ್ಡ ಕಾರಣ ಅಂತ ನಮಗೆ ಅನ್ನಿಸುತ್ತದೆ. ಗೊತ್ತಿರುವ ಉತ್ತರವನ್ನೂ ನುಂಗಿಕೊಳ್ಳುತ್ತಾರೆ.

ಈ ತಪ್ಪಿಗೂ ದಡ್ಡತನಕ್ಕೂ ಸಂಬಂಧ ಇಲ್ಲ ಅನ್ನುವುದು ನಮ್ಮ ವಾದ. ಕನ್ನಡ ಚೆನ್ನಾಗಿ ಬರುವುದರಿಂದಲೇ ಇದು ಆಗುತ್ತದೆ. ಹಾಗಾಗಿ ಇದನ್ನು ತಿದ್ದುವ ದಾರಿಯೂ ಕನ್ನಡದ ವ್ಯಾಕರಣದಲ್ಲೇ ಇದೆ. ನಮ್ಮ ಶಾಲೆಗಳು ಆ ದಾರಿ ಹಿಡಿಯುತ್ತಿಲ್ಲ.

ಕನ್ನಡದಲ್ಲಿ ನಾವು ಏನು ಹೇಳುತ್ತೇವೆ ನೋಡಿ. 'ಕಾಲೇಜಿಗೆ ಸೇರಿದೆ.' ಆ ಕೊನೆಯ 'ಗೆ' ಚತುರ್ಥಿ ವಿಭಕ್ತಿ. ಕನ್ನಡ ಮೇಷ್ಟ್ರು 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಅಂತ ಬಾಯಿಪಾಠ ಮಾಡಿಸಿದ್ದು ನೆನಪಿರಬೇಕಲ್ಲ, ಅದರಲ್ಲಿ ನಾಲ್ಕನೆಯದು. ಇಂಗ್ಲಿಷ್ ಮೇಷ್ಟ್ರು ಇನ್ನೊಂದು ದಿನ ಬಂದು 'ಟು ಅಂದ್ರೆ ಗೆ' ಅಂತ ಹೇಳಿಕೊಟ್ಟಿರುತ್ತಾರೆ. ಶಾಲೆಗೆ ಅಂದರೆ ಟು ಸ್ಕೂಲ್, ಊರಿಗೆ ಅಂದರೆ ಟು ದ ವಿಲೇಜ್. ಮಗು ಎರಡನ್ನೂ ಸರಿಯಾಗಿ ಕಲಿತು ಒಂದಕ್ಕೊಂದು ಸೇರಿಸಿತು. ಲೆಕ್ಕ ಸರಿ, ಉತ್ತರ ತಪ್ಪು.

ಇನ್ನೊಂದು ಸಿಕ್ಕು ಇದೆ. ಈಗ 'ಸೇರಿದೆ' ಅನ್ನುವವರೂ ಕಡಿಮೆ, 'ಕೋರ್ಸಿಗೆ ಜಾಯಿನ್ ಆದೆ' ಅನ್ನುತ್ತೇವೆ. ಡ್ಯೂಟಿಗೆ ಜಾಯಿನ್ ಆದ, ಟ್ಯೂಷನ್‌ಗೆ ಜಾಯಿನ್ ಆದಳು. ಇಂಗ್ಲಿಷ್ ಪದವನ್ನು ನಮ್ಮ ಮನೆಗೆ ಕರೆದುಕೊಂಡು ಬಂದು ಅದಕ್ಕೆ 'ಗೆ' ಅನ್ನುವ ಬಾಲ ಕಟ್ಟಿದ್ದೇವೆ. ಆ ಪದ ತವರಿಗೆ ವಾಪಸ್ ಹೋಗುವಾಗ ಬಾಲವೂ 'ಟು' ಆಗಿ ಜೊತೆಗೆ ಹೋಗುತ್ತದೆ.

ಶಿರಾಳಕೊಪ್ಪದ ಕಡೆ ಉರ್ದು ಮನೆಮಾತಿನ ಮಕ್ಕಳ ಬರಹ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಉರ್ದುವಿನಲ್ಲಿ ಕಾಲೇಜಿನ 'ಒಳಗೆ' ದಾಖಲೆ ತೆಗೆದುಕೊಳ್ಳುತ್ತಾರೆ, 'ಕಾಲೇಜ್ ಮೇ' ಅಂತ. ಹಾಗಾಗಿ ಅವರ ಕೈಯಿಂದ 'ಜಾಯಿನ್ಡ್ ಇನ್ ಕಾಲೇಜ್' ಬರುವುದು ಸಹಜ. ತಪ್ಪು ನೋಡಿಯೇ ಮನೆಮಾತು ಹೇಳಬಹುದು. ತಾಂಡಾದ ಮಕ್ಕಳ ಪಾಡು ಬೇರೆ, ಅವರಿಗೆ ಲಂಬಾಣಿ ಮೊದಲು, ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು. ಇಷ್ಟೆಲ್ಲ ಭಾಷೆ ಹೊತ್ತು ನಡೆಯುವ ಮಗುವಿಗೆ 'ನಿಂಗೆ ಭಾಷೆ ಬರಲ್ಲ' ಅನ್ನುವುದು ಎಷ್ಟು ದೊಡ್ಡ ಅನ್ಯಾಯ!

ಇನ್ನು ಮದ್ದಿನ ವಿಷಯ. ಜಾಯಿನ್ ಪದಕ್ಕೆ ಬೇಕಾದ ಮದ್ದು ಕನ್ನಡದಲ್ಲೇ ಇದೆ. ನಾವು 'ಕಾಲೇಜಿಗೆ ಸೇರಿದೆ' ಅನ್ನುವ ಹಾಗೆಯೇ 'ಕಾಲೇಜು ಸೇರಿದೆ' ಅಂತಲೂ ಅನ್ನುತ್ತೇವೆ. 'ಕತ್ತಲಾಗೋದ್ರೊಳಗೆ ಮನೆ ಸೇರು', 'ಸೈನ್ಯ ಸೇರಿದ', 'ಕಾಲೇಜು ಸೇರಿ ಎರಡು ವರ್ಷ ಆಯ್ತು.' ಎಲ್ಲೂ 'ಗೆ' ಇಲ್ಲ. ಬಿಡಿಸಿ ಹೇಳಿದರೆ ಅದು 'ಕಾಲೇಜನ್ನು ಸೇರಿದೆ', ದ್ವಿತೀಯಾ ವಿಭಕ್ತಿ. 'ಬೆಟ್ಟಕ್ಕೆ ಹತ್ತಿದ' ಅನ್ನಬಹುದು, 'ಬೆಟ್ಟವನ್ನು ಹತ್ತಿದ' ಅಂತಲೂ ಅನ್ನಬಹುದು. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದಕ್ಕೆ ವಿಭಕ್ತಿ ಪಲ್ಲಟ ಅಂತ ಹೆಸರಿದೆ, ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಪಾಠವೂ ಇದೆ. ಇಂಗ್ಲಿಷಿನ ಜಾಯಿನ್ ಈ ಎರಡನೇ ರೂಪದ ಅಣ್ಣತಮ್ಮ. ಅರ್ಜಿ ಬರೆಯುವಾಗ ಮನಸ್ಸಿನಲ್ಲಿ 'ಕಾಲೇಜಿಗೆ ಸೇರಿದೆ' ಬಿಟ್ಟು 'ಕಾಲೇಜು ಸೇರಿದೆ' ಅಂದುಕೊಂಡು ಬರೆದು ನೋಡಿ. 'ಟು' ತಾನಾಗಿ ಬಿದ್ದುಹೋಗುತ್ತದೆ.

ರೀಚ್ ಪದಕ್ಕೂ ಇದೇ ಮದ್ದು. 'ಸೊರಬಕ್ಕೆ ತಲುಪಿದೆ' ಬಿಡಿ, 'ಸೊರಬ ತಲುಪಿದೆ' ಅಂದುಕೊಳ್ಳಿ. ಕಾಲೇಜು ಬಿಟ್ಟದ್ದನ್ನು ಬರೆಯುವಾಗ ಅನೇಕರು 'ಲೆಫ್ಟ್ ಫ್ರಮ್ ಕಾಲೇಜ್' ಅನ್ನುತ್ತಾರೆ. ಕನ್ನಡದಲ್ಲಿ 'ಕಾಲೇಜು ಬಿಟ್ಟೆ' ಅನ್ನುವಾಗ 'ಇಂದ' ಇದೆಯೇ? ಇಲ್ಲ. ಇಂಗ್ಲಿಷಿನಲ್ಲೂ ಬೇಡ. ಮದುವೆಯದೂ ಅಷ್ಟೇ, 'ಅವಳನ್ನು ಮದುವೆಯಾದ' ಅನ್ನುವುದನ್ನು ಹಿಡಿದುಕೊಂಡರೆ 'ವಿತ್' ಬರುವುದಿಲ್ಲ. (ಮದುವೆಯ ವಿಷಯ ಇಲ್ಲಿಗೆ ಸಾಕು, ಮೊದಲು ಡಿಗ್ರಿ ಮುಗಿಯಲಿ.)

ಕೋರ್ಸು ಸೇರುವ ಕಥೆಗಳಲ್ಲಿ ತೀರಾ ಹಳೆಯದೊಂದು ನಮ್ಮ ತಾಲ್ಲೂಕಿನಲ್ಲೇ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮೇಲೆ. ಕದಂಬರ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನ ಅದು. ಇಲ್ಲಿಯ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು, ಅಂದರೆ ಆಗಿನ ಉನ್ನತ ವಿದ್ಯಾಕೇಂದ್ರವನ್ನು ಸೇರಿದ ಕಥೆ ಅದರಲ್ಲಿದೆ. ಕುಬ್ಜ ಬಳಸಿದ ಕ್ರಿಯಾಪದದ ಅರ್ಥ 'ಪ್ರವೇಶಿಸಿದ' ಅಂತ, ಘಟಿಕೆ ಅಲ್ಲಿ ದ್ವಿತೀಯಾ ವಿಭಕ್ತಿಯಲ್ಲಿದೆ. ಸಂಸ್ಕೃತದ ಆ ಸಾಲು, ನಮ್ಮ 'ಕಾಲೇಜು ಸೇರಿದೆ', ಇಂಗ್ಲಿಷಿನ 'ಜಾಯಿನ್ಡ್ ದ ಕಾಲೇಜ್', ಮೂರರದ್ದೂ ಒಂದೇ ಕಟ್ಟು. ಮಯೂರಶರ್ಮ ಮುಂದೆ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಕಾಲೇಜು ಬಿಟ್ಟವರೆಲ್ಲ ರಾಜರಾಗುತ್ತಾರೆ ಅಂತ ಯಾರೂ ಲೆಕ್ಕ ಹಾಕಬೇಡಿ.

ಜಾಯಿನ್ ಒಂದು ಗೆದ್ದರೆ ಮುಗಿಯಲಿಲ್ಲ. 'ಗೆ ಅಂದ್ರೆ ಟು' ಅನ್ನುವ ಪಾಠ ಕೆಲವು ಕಡೆ ಸರಿಯಾಗಿಯೇ ಕೆಲಸ ಮಾಡುತ್ತದೆ, ಅದೇ ಗೊಂದಲ. ಅಡ್ಮಿಟ್ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಆಸ್ಪತ್ರೆ. 'ಅಜ್ಜನ್ನ ಮೆಗ್ಗಾನಿಗೆ ಸೇರಿಸಿದ್ರು' ಅನ್ನುವುದಕ್ಕೆ 'ಅಡ್ಮಿಟೆಡ್ ಟು', ಅಲ್ಲಿ 'ಟು' ಇರಲೇಬೇಕು. ಕಾಲೇಜಿಗೂ ಹಾಗೆಯೇ, 'ಐ ವಾಸ್ ಅಡ್ಮಿಟೆಡ್ ಟು ದ ಕಾಲೇಜ್', 'ಅಡ್ಮಿಷನ್ ಟು ಬಿಎಸ್ಸಿ'. ನಮ್ಮ ದೇಶದಲ್ಲಿ 'ಟುಕ್ ಅಡ್ಮಿಷನ್ ಇನ್' ಅಂತಲೂ ಧಾರಾಳ ಬರೆಯುತ್ತಾರೆ, ಭಾರತದೊಳಗೆ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಹೊರಗಿನವರು ಓದುವ ಅರ್ಜಿಯಾದರೆ 'ಟು' ಕ್ಷೇಮ.

ಅಪ್ಪ ಅಮ್ಮ ಪತ್ರ ಬರೆಯುವಾಗಿನ ತಮಾಷೆ ಬೇರೆ. ಕನ್ನಡದಲ್ಲಿ 'ಸೇರು' ಇದ್ದರೆ ಪಕ್ಕದಲ್ಲೇ 'ಸೇರಿಸು' ಇದೆ. 'ಮಗನನ್ನು ಕಾಲೇಜಿಗೆ ಸೇರಿಸಿದೆ.' ಇದನ್ನು ಇಂಗ್ಲಿಷಿಗೆ ಎತ್ತಿಟ್ಟರೆ 'ಐ ಜಾಯಿನ್ಡ್ ಮೈ ಸನ್ ಟು ಕಾಲೇಜ್' ಆಗುತ್ತದೆ. ಇಂಗ್ಲಿಷಿನಲ್ಲಿ ಒಂದನ್ನು ಇನ್ನೊಂದಕ್ಕೆ 'ಟು' ಹಾಕಿ ಜಾಯಿನ್ ಮಾಡುವುದು ಪೈಪಿಗೆ ಪೈಪು ಜೋಡಿಸುವಾಗ, ತೋಟದ ಡ್ರಿಪ್ ಲೈನಿನ ಹಾಗೆ. ಮಗನನ್ನು ಕಾಲೇಜಿನ ಗೋಡೆಗೆ ಬೆಸುಗೆ ಹಾಕಿದ ಹಾಗೆ ಕೇಳಿಸುತ್ತದೆ. ಅದರ ಬದಲು 'ಐ ಜಾಯಿನ್ಡ್ ಮೈ ಸನ್ ಇನ್ ಕಾಲೇಜ್' ಅಂದರೆ ಅಪ್ಪನೂ ಹೋಗಿ ಮಗನ ಜೊತೆ ಕಾಲೇಜಿನಲ್ಲಿ ಕೂತ ಅಂತ ಅರ್ಥ ಬರುತ್ತದೆ. ಅಪ್ಪ ಬರೆಯಬೇಕಾದ್ದು 'ಐ ಎನ್‌ರೋಲ್ಡ್ ಮೈ ಸನ್ ಇನ್...' ಅಂತ. ಅಡ್ಮಿಟ್ ಮಾಡಿಕೊಳ್ಳುವುದು ಕಾಲೇಜಿನ ಕೆಲಸ, ಅಪ್ಪ ಮಾಡುವುದು ಎನ್‌ರೋಲ್.

ಎನ್‌ರೋಲ್ ಪದದ ಮುಂದೆ ಅಮೆರಿಕದವರು 'ಇನ್' ಹಾಕುತ್ತಾರೆ, ಕೋರ್ಸಿನ ವಿಷಯ ಬಂದಾಗ ಬ್ರಿಟನ್ನಿನವರು 'ಆನ್' ಅಂತಲೂ ಬರೆಯುತ್ತಾರೆ. ಪದವಿ ಮುಗಿಸಿದ್ದಕ್ಕೆ ಇಂಗ್ಲಿಷಿನಲ್ಲಿ 'ಗ್ರಾಜುಯೇಟೆಡ್ ಫ್ರಮ್' ಅನ್ನಬೇಕು. ಹಿಂದೆ ಅದೇ 'ವಾಸ್ ಗ್ರಾಜುಯೇಟೆಡ್ ಫ್ರಮ್' ಆಗಿತ್ತು, ಈಗ ಅಮೆರಿಕದಲ್ಲಿ ಹಲವರು 'ಫ್ರಮ್' ಕೂಡ ಬಿಟ್ಟು 'ಗ್ರಾಜುಯೇಟೆಡ್ ಕಾಲೇಜ್' ಅನ್ನುತ್ತಾರೆ. ನಾವು 'ಪಾಸ್ ಔಟ್ ಆದೆ' ಅನ್ನುತ್ತೇವಲ್ಲ, ಮಿಲಿಟರಿ ತರಬೇತಿ ಮುಗಿಸಿದವರಿಗೆ ಸಲ್ಲುವ ಮಾತು ಅದು. ಬೇರೆ ಕಡೆ ಹೇಳಿದರೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ ತಿಳಿದುಕೊಳ್ಳುವ ಸಂಭವ ಇದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ಪ್ರಿಪೊಸಿಷನ್ ಅನ್ನುವುದು ಬುದ್ಧಿವಂತಿಕೆಯ ಅಳತೆಗೋಲು ಆಗಲು ಸಾಧ್ಯವೇ ಇಲ್ಲ. ಅದು ಆಯಾ ಊರಿನ ರೂಢಿ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನೇ ಹಿಡಿದು ಒಬ್ಬ ಹುಡುಗನ ಯೋಗ್ಯತೆ ಅಳೆಯುವವರಿಗೆ ಅಳೆಯುವುದು ಗೊತ್ತಿಲ್ಲ.

ಆದರೂ ಕಲಿಯಬೇಕು, ಅರ್ಜಿ ಓದುವವರು ಅವರೇ ಆದ್ದರಿಂದ. ಹೆಚ್ಚು ಕಲಿಯಬೇಕಾಗಿಯೂ ಇಲ್ಲ.

ಅಪ್ಲೈ ಪದದಲ್ಲಿ ನಮ್ಮ ಒಂದು 'ಗೆ' ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. 'ಕುವೆಂಪು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ', 'ಎಂಎಗೆ ಅರ್ಜಿ ಹಾಕಿದೆ', ಎರಡೂ ನಮಗೆ ಒಂದೇ. ಇಂಗ್ಲಿಷಿನಲ್ಲಿ ಅರ್ಜಿ ತೆಗೆದುಕೊಳ್ಳುವವರು ಯಾರೋ ಅವರಿಗೆ 'ಟು', ನಮಗೆ ಬೇಕಾದದ್ದು ಯಾವುದೋ ಅದಕ್ಕೆ 'ಫಾರ್'. ವಿಶ್ವವಿದ್ಯಾಲಯಕ್ಕೆ 'ಟು', ಎಂಎಗೆ 'ಫಾರ್', ಸ್ಕಾಲರ್‌ಶಿಪ್ಪಿಗೂ 'ಫಾರ್'. ಗ್ರಾಮ ಪಂಚಾಯಿತಿಗೆ ನಲ್ಲಿ ಸಂಪರ್ಕಕ್ಕೆ ಅರ್ಜಿ ಹಾಕಿದ್ದರೂ ಇದೇ ಲೆಕ್ಕ: ಪಂಚಾಯಿತಿ 'ಟು', ನಲ್ಲಿ 'ಫಾರ್'. ರಿಜಿಸ್ಟರ್ ಮಾಡಿಸುವಾಗ ಪರೀಕ್ಷೆಗೆ, ಕೋರ್ಸಿಗೆ 'ಫಾರ್'.

'ಅಲ್ಲಿ' ಕೂಡ ಒಡೆಯುತ್ತದೆ. 'ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ' ಅಂದರೆ ನಮಗೆ ಮೂರು 'ಅಲ್ಲಿ'. ಇಂಗ್ಲಿಷಿನಲ್ಲಿ ಊರಿಗೆ 'ಇನ್', ಸಂಸ್ಥೆಗೆ 'ಆ್ಯಟ್', ವರ್ಷಕ್ಕೆ 'ಇನ್'. ಪರ್ಸ್ಯೂ ಅಂತ ಒಂದು ಪದ ಎಲ್ಲರ ರೆಸ್ಯೂಮಿನಲ್ಲೂ ಇರುತ್ತದೆ, ಅದರ ಮುಂದೆ 'ಇನ್' ಬೇಡ, 'ಪರ್ಸ್ಯೂಯಿಂಗ್ ಬಿಕಾಂ' ಅಷ್ಟೇ. ಪರೀಕ್ಷೆಯಲ್ಲಿ ಪಾಸಾದೆ ಅನ್ನುವಾಗಲೂ 'ಇನ್' ಬೇಡ, 'ಪಾಸ್ಡ್ ದ ಎಕ್ಸಾಮ್'.

ಇನ್ನು ಶಾಲೆಯ ವಿಷಯಕ್ಕೆ ಬರೋಣ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರು ಮಾಡಿದ್ದು 2007ರಲ್ಲಿ. ಈಗ ಡಿಗ್ರಿ ಓದುತ್ತಿರುವವರು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಹತ್ತು ವರ್ಷ ಇಂಗ್ಲಿಷ್ ಪಾಠ ಕೇಳಿದವರು. ಹತ್ತು ವರ್ಷದಲ್ಲಿ ಜಾಯಿನ್ ಪದ ಸರಿಯಾಗಲಿಲ್ಲ ಅಂದರೆ ಮಕ್ಕಳನ್ನು ಬೈಯುವ ಮೊದಲು ಪಾಠದ ಕ್ರಮ ನೋಡಬೇಡವೇ? ನಮ್ಮ ಹೆಚ್ಚಿನ ಶಾಲೆಗಳಲ್ಲಿ ಕನ್ನಡ ಪೀರಿಯಡ್ಡಿನಲ್ಲಿ ವಿಭಕ್ತಿ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಪ್ರಿಪೊಸಿಷನ್. ನಡುವೆ ಒಂದು ಗಂಟೆ ಬಾರಿಸುತ್ತದೆ, ಮೇಷ್ಟ್ರು ಬದಲಾಗುತ್ತಾರೆ, ಎರಡಕ್ಕೂ ಏನಾದರೂ ಸಂಬಂಧ ಇದೆ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳೂ ಇವೆ. ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅದು ಕಿಟಕಿಯಿಂದ 'ಟು' ಆಗಿ ಒಳಗೆ ಬರುತ್ತದೆ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಹಾಕಿದರೆ ಇದೆಲ್ಲ ಇರುವುದಿಲ್ಲ ಅಂತ ಹೇಳುವವರು ನಮ್ಮ ಓದುಗರಲ್ಲೂ ಇದ್ದಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲೂ 'ಜಾಯಿನ್ಡ್ ಟು' ನಾವು ಕೇಳುತ್ತಲೇ ಇದ್ದೇವೆ. ಮನೆ, ಬಸ್ಸು, ಆಟದ ಬಯಲು ಎಲ್ಲ ಕನ್ನಡ ಇರುವಾಗ ಅದು ಹಾಗೇ ಆಗಬೇಕು. ಮೆಕ್ಕೆಜೋಳ ಮಾರಿದ ದುಡ್ಡನ್ನು ವ್ಯಾನ್ ಫೀಸಿಗೂ ಯೂನಿಫಾರ್ಮಿಗೂ ಸುರಿಯುವ ಮನೆಗಳಿಗೆ ನಾವು ಬುದ್ಧಿ ಹೇಳಲು ಹೊರಟಿಲ್ಲ, ಅವರ ಆತಂಕ ನಿಜ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ ಗ್ರಾಮೀಣ ಕೃಪಾಂಕ ತಂದದ್ದು ಹಳ್ಳಿ ಮಕ್ಕಳು ಹಿಂದೆ ಬೀಳುತ್ತಾರೆ ಅನ್ನುವ ಇದೇ ಸಂಕಟಕ್ಕೆ. ಆದರೆ 'ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್' ಅಂತ ಬೋರ್ಡು ಹಾಕಿದ ಕೋಣೆಗೆ ಸಾವಿರಗಟ್ಟಲೆ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: 'ಇಲ್ಲಿ ಕಲಿಸುವವರಿಗೆ ಕನ್ನಡ ವ್ಯಾಕರಣ ಬರುತ್ತದೆಯೇ?' ಬರದಿದ್ದರೆ ನಿಮ್ಮ ಮಗುವಿನ ತಪ್ಪು ಎಲ್ಲಿಂದ ಬರುತ್ತಿದೆ ಅಂತ ಅವರಿಗೆ ಕಾಣಿಸುವುದೇ ಇಲ್ಲ. 'ತಪ್ಪು' ಅಂತ ಕೆಂಪು ಗೆರೆ ಎಳೆಯುತ್ತಾರೆ, ಅಷ್ಟೇ.

ಹಲವು ವ್ಯಾಕರಣಗಳನ್ನು ಒಂದೇ ಚಾವಣಿಯ ಕೆಳಗೆ ಕಲಿಸುವುದು ಈ ನೆಲಕ್ಕೆ ಹೊಸದಲ್ಲ. ತಾಳಗುಂದದ ಹತ್ತಿರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಇತ್ತು. 1162ರ ಶಾಸನ ಅದನ್ನು ವರ್ಣಿಸುವಾಗ ಅಲ್ಲಿ ವಿವರಿಸುತ್ತಿದ್ದ ವ್ಯಾಕರಣಗಳನ್ನು ಹೆಸರು ಹಿಡಿದು ಹೇಳುತ್ತದೆ: ಕೌಮಾರ, ಪಾಣಿನೀಯ, ಶಾಕಟಾಯನ ಶಬ್ದಾನುಶಾಸನ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿ ಕೊಡುತ್ತಿದ್ದ ಜಾಗವೂ ಅದೇ.

ನಾವು ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್, ಕನ್ನಡ ಮೇಷ್ಟ್ರು ಮತ್ತು ಇಂಗ್ಲಿಷ್ ಮೇಡಂ ಇಬ್ಬರೂ ಒಂದೇ ಕೋಣೆಯಲ್ಲಿ ಇರಲಿ. ಬೋರ್ಡಿನ ಒಂದು ಕಡೆ 'ಗೆ' ಇರುವ ಹತ್ತು ಕನ್ನಡ ವಾಕ್ಯ, ಇನ್ನೊಂದು ಕಡೆ ಅದೇ ಮಾತು ಇಂಗ್ಲಿಷಿನಲ್ಲಿ. ಎಲ್ಲಿ 'ಟು' ಬಂತು, ಎಲ್ಲಿ 'ಫಾರ್' ಆಯ್ತು, ಎಲ್ಲಿ ಮಾಯವಾಯಿತು ಅಂತ ಮಕ್ಕಳೇ ಹುಡುಕಲಿ. ಮರುವಾರ 'ಅಲ್ಲಿ', ಅದರ ಮುಂದಿನ ವಾರ 'ಇಂದ'. ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ತಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತಾರೆ ಅಂತ ಮೂರನೇ ಸಾಲು ಬರೆಯಲಿ. ಹೊಸ ಪುಸ್ತಕ ಬೇಡ, ಸ್ಮಾರ್ಟ್ ಬೋರ್ಡ್ ಬೇಡ, ಅನುದಾನವೂ ಬೇಡ. ಬೇಕಾದದ್ದು ಇಬ್ಬರು ಶಿಕ್ಷಕರ ಒಪ್ಪಿಗೆ ಮತ್ತು ಹೆಡ್‌ಮಾಸ್ಟರ್ ಟೈಮ್ ಟೇಬಲ್ಲಿನಲ್ಲಿ ಎಳೆಯುವ ಒಂದು ಗೆರೆ.

ಇದನ್ನು ಕೇಳುವ ಜಾಗವೂ ಇದೆ. ಎಸ್‌ಡಿಎಂಸಿ ಸಭೆಗೆ ನಿಮ್ಮನ್ನು ಕರೆದಾಗ ಕಾಂಪೌಂಡ್, ಶೌಚಾಲಯ, ಬಿಸಿಯೂಟದ ಲೆಕ್ಕ ಮುಗಿದ ಮೇಲೆ ಎದ್ದು ಈ ಒಂದು ಪೀರಿಯಡ್ ಕೇಳಿ. ಸಮಿತಿಯಲ್ಲಿರುವ ಪೋಷಕರ ಮಕ್ಕಳೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ನಮ್ಮಲ್ಲಿ ಮೂವರು ಈ ವಾಕ್ಯಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಶಿಕಾರಿಪುರ, ಸೊರಬದ ಯಾವ ಶಾಲೆಯವರು ಕೇಳಿದರೂ ಜೆರಾಕ್ಸ್ ಮಾಡಿಸಿ ಕಳಿಸಿಕೊಡುತ್ತೇವೆ.